ಹೋರಿಗೆ ಹೆಸರುಂಟು, ಹಿಡಿದವನಿಗೆ?

ಹುಬ್ಬಳ್ಳಿಯಿಂದ ಬೆಂಗಳೂರಿನ ದಿಕ್ಕಿಗೆ ಹೊರಟ ರೈಲು ವರದಾ ನದಿಯನ್ನು ದಾಟಿ ಹಾವೇರಿಯನ್ನು ಮುಟ್ಟುತ್ತದೆ. ಅಲ್ಲಿಂದ ಬ್ಯಾಡಗಿ, ಬ್ಯಾಡಗಿಯಿಂದ ರಾಣೆಬೆನ್ನೂರು. ಅದರಾಚೆ ತುಂಗಭದ್ರೆ, ಹರಿಹರ. ಹೆಚ್ಚೆಂದರೆ ಒಂದು ಗಂಟೆಯ ದಾರಿ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗ ಈ ಮೂರೂ ಊರುಗಳು ಒಂದೇ ಆಡಳಿತದ ಕೆಳಗೆ ಉಳಿದವು. ವರ್ಷದ ಬೇರೆ ದಿನಗಳಲ್ಲಿ ಪಯಣಿಗನ ಕಣ್ಣಿಗೆ ಇಲ್ಲಿ ಬೀಳುವುದು ಗೋವಿನಜೋಳದ ಹೊಲಗಳು, ಹತ್ತಿಯ ಎರೆಭೂಮಿ, ಮೆಣಸಿನಕಾಯಿಯ ಚೀಲ ಹೊತ್ತ ಲಾರಿಗಳು. ಆದರೆ ದೀಪಾವಳಿ ಸಮೀಪಿಸಿತೆಂದರೆ ನೋಟ ಬದಲಾಗುತ್ತದೆ. ಊರ ಅಗಸೆಯಲ್ಲಿ, ಬಸ್ ನಿಲ್ದಾಣದ ಎದುರಿಗೆ, ಚಹದಂಗಡಿಯ ನೆತ್ತಿಯ ಮೇಲೆ ಆಳೆತ್ತರದ ಚಿತ್ರಪಟಗಳು ಏಳುತ್ತವೆ. ಅವುಗಳಲ್ಲಿರುವುದು ಮಂತ್ರಿಯ ಮುಖವಲ್ಲ, ಚಿತ್ರನಟನ ಮುಖವೂ ಅಲ್ಲ; ಹೋರಿಯ ಮುಖ. ಎತ್ತಿದ ಕತ್ತು, ಹಿಂದಕ್ಕೆ ಬಾಗಿದ ಕೋಡು, ಕೊರಳ ತುಂಬ ಕೊಬ್ಬರಿ ಬಟ್ಟಲುಗಳ ಸರ. ಕೆಳಗೆ ದಪ್ಪಕ್ಷರದಲ್ಲಿ ಅದರ ಹೆಸರು. ಒಂದು ಹುಲಿ, ಮತ್ತೊಂದು ಸಿಂಹ. ಒಂದಕ್ಕೆ ದೇವರ ಹೆಸರು, ಇನ್ನೊಂದಕ್ಕೆ ಬೆಳ್ಳಿತೆರೆಯ ನಾಯಕನ ಹೆಸರು. ಹೆಸರಿನ ಹಿಂದೆ ಊರಿನ ಹೆಸರು ಇದ್ದೇ ಇರುತ್ತದೆ.

ಇದೇ ಈ ಸೀಮೆಯ ಹೋರಿ ಹಬ್ಬ. ಹಾವೇರಿ ಜಿಲ್ಲೆಯಲ್ಲಿ ಮಾತ್ರವಲ್ಲದೆ ನೆರೆಯ ಶಿಕಾರಿಪುರ, ಸೊರಬ ತಾಲೂಕುಗಳಲ್ಲಿಯೂ ಇದು ಅಷ್ಟೇ ಸಡಗರದಿಂದ ನಡೆಯುತ್ತದೆ. ಬಲಿಪಾಡ್ಯಮಿಯ ದಿನ ಮನೆಯ ಹೆಣ್ಣುಮಕ್ಕಳು ಸೆಗಣಿಯ ಹಟ್ಟೆವ್ವನನ್ನು ಮಾಡಿ, ಚೆಂಡುಹೂವನ್ನೂ ಉತ್ತರಾಣಿ ಕಡ್ಡಿಯನ್ನೂ ಸಿಕ್ಕಿಸಿ ಪೂಜಿಸುತ್ತಾರೆ. ಗಂಡಸರು ದನಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಇಳಿಹೊತ್ತಿನಲ್ಲಿ ಊರ ಬೀದಿಯಲ್ಲಿ ಅವುಗಳನ್ನು ಬೆದರಿಸಿ ಓಡಿಸುತ್ತಾರೆ. ಹಬ್ಬದ ಮೂಲ ಇಷ್ಟೇ. ಕೊರಳಿಗೆ ಕಟ್ಟಿದ ಕೊಬ್ಬರಿಯನ್ನು ಓಟದ ನಡುವೆ ಯಾರು ಹರಿದುಕೊಳ್ಳುವರೋ ಅದು ಅವರಿಗೆ. ಈಗ ಅದು ಬೆಳೆದು, ದೀಪಾವಳಿಗೆ ಆರಂಭವಾದದ್ದು ಬೇಸಗೆಯ ಹೊಸ್ತಿಲವರೆಗೂ ಒಂದೊಂದು ಊರಿನಲ್ಲಿ ಒಂದೊಂದು ದಿನ ನಡೆಯುವ ದೊಡ್ಡ ಪಂದ್ಯಾವಳಿಯಾಗಿದೆ. ಅಖಾಡವೆಂಬ ಉದ್ದನೆಯ ಓಣಿ; ಎರಡೂ ಬದಿಗೆ ಬೇಲಿ, ಬೇಲಿಯ ಆಚೆ, ಮಾಳಿಗೆಯ ಮೇಲೆ, ಮರದ ಕೊಂಬೆಯ ಮೇಲೆ ಜನ. ಒಂದು ತುದಿಯಿಂದ ಒಂದೊಂದೇ ಹೋರಿಯನ್ನು ಬಿಡುತ್ತಾರೆ. ಕೊಬ್ಬರಿ ಕಳೆದುಕೊಳ್ಳದೆ ಇನ್ನೊಂದು ತುದಿಯನ್ನು ಮುಟ್ಟಿದ ಹೋರಿ ಗೆದ್ದಿತು. ಬಹುಮಾನಕ್ಕೆ ಬಂಗಾರ, ತಿಜೋರಿ, ಮೋಟಾರು ಸೈಕಲ್ಲು.

ಈ ಆಟಕ್ಕೆ ಜನ ಇಟ್ಟಿರುವ ಹೆಸರುಗಳನ್ನು ಗಮನಿಸಬೇಕು. ‘ಹೋರಿ ಬೆದರಿಸುವುದು’ ಎನ್ನುತ್ತಾರೆ. ‘ಕೊಬ್ಬರಿ ಹೋರಿ’ ಎನ್ನುತ್ತಾರೆ. ಒಂದರಲ್ಲಿ ಹೋರಿಯ ಬೆದರು ಇದೆ, ಇನ್ನೊಂದರಲ್ಲಿ ಅದರ ಕೊರಳ ಕೊಬ್ಬರಿ ಇದೆ. ಅಡ್ಡ ನಿಂತು ಹಿಡಿಯುವ ಮನುಷ್ಯ ಎರಡರಲ್ಲಿಯೂ ಇಲ್ಲ. ಅವನಿಲ್ಲದಿದ್ದರೆ ಈ ಹಬ್ಬ ದನಗಳ ಮೆರವಣಿಗೆಯಾಗಿ ಮುಗಿಯುತ್ತಿತ್ತು ಎಂಬುದು ಬೇರೆ ಮಾತು.

ಹೋರಿಯ ಕೀರ್ತಿಯಂತೂ ಸಣ್ಣದಲ್ಲ. ಹಳ್ಳಿಕಾರ, ಅಮೃತಮಹಲ್ ತಳಿಯ ಒಳ್ಳೆಯ ಹೋರಿಗೆ ಲಕ್ಷಗಟ್ಟಲೆ ಬೆಲೆ. ತಮಿಳುನಾಡಿನಿಂದ ಕೊಂಡು ತರುವವರೂ ಇದ್ದಾರೆ. ಅದರ ಹೊಟ್ಟೆಗೆ ಹುರುಳಿ, ಹತ್ತಿಕಾಳು, ಹಿಂಡಿ, ಹಾಲು, ಮೊಟ್ಟೆ. ಅದರ ಮೈಗೆ ಕೆರೆಯಲ್ಲಿ ಈಜಿನ ಸಾಧನೆ. ಹಬ್ಬದ ದಿನ ಬೆನ್ನಿಗೆ ಝೂಲು, ಕೋಡಿಗೆ ಕೋಡಣಸು, ಮೈಮೇಲೆ ಬಲೂನುಗಳ ಗೊಂಚಲು. ಅದರ ಹೆಸರನ್ನು ಎದೆಯ ಮೇಲೆ ಅಚ್ಚೊತ್ತಿಸಿಕೊಂಡ ಅಂಗಿ ತೊಟ್ಟು ಅಭಿಮಾನಿಗಳ ದಂಡು ಹಿಂದೆ ಬರುತ್ತದೆ. ಹೆಸರಾಂತ ಹೋರಿಯೊಂದು ಸತ್ತರೆ ಹೂವಿನ ಅಲಂಕಾರದ ಮೆರವಣಿಗೆ, ಮಣ್ಣು, ತಿಥಿ, ಸಮಾಧಿ. ಎಷ್ಟು ಅಖಾಡ ಗೆದ್ದಿತು, ಎಲ್ಲಿ ಯಾವ ಬಹುಮಾನ ತಂದಿತು ಎಂಬುದು ಊರಿನ ಚಿಕ್ಕ ಹುಡುಗನ ನಾಲಗೆಯ ಮೇಲೂ ಇರುತ್ತದೆ. ಟ್ರ್ಯಾಕ್ಟರು ಬಂದು ನೇಗಿಲಿನಿಂದ ಎತ್ತನ್ನು ಬಿಡಿಸಿದ ಮೇಲೆ ಗಂಡುಗರುವನ್ನು ಸಾಕಲು ರೈತನಿಗೆ ಉಳಿದ ಕಾರಣಗಳು ಕೆಲವೇ. ಅವುಗಳಲ್ಲಿ ಈ ಹಬ್ಬವೂ ಒಂದು. ಆದುದರಿಂದ ಈ ಪ್ರೀತಿಯನ್ನು ಹುಚ್ಚೆಂದು ತಳ್ಳಿಹಾಕುವುದು ತರವಲ್ಲ.

ಹಾವೇರಿಯಲ್ಲಿ ಇಳಿದವರು ಸಿದ್ಧೇಶ್ವರನ ಗುಡಿಯನ್ನು ನೋಡದೆ ಮುಂದೆ ಹೋಗಬಾರದು. ಕಲ್ಯಾಣದ ಚಾಲುಕ್ಯರ ಕಾಲದ ಬಳಪದ ಕಲ್ಲಿನ ಗುಡಿ. ಆ ಕಾಲದ ಬಹುಪಾಲು ಗುಡಿಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆಯ ಬಿಸಿಲು ಶಿಖರದ ಕೆತ್ತನೆಯ ಮೇಲೆ ಬಿದ್ದಾಗ ಕಲ್ಲು ಕರಗಿದಂತೆ ಕಾಣುತ್ತದೆ. ಆದರೆ ಇಲ್ಲಿ ಹೇಳಬೇಕಾದದ್ದು ಶಿಖರದ ವಿಷಯವಲ್ಲ. ಈ ಗುಡಿಯ ಆವರಣದಲ್ಲಿಯೂ, ಸುತ್ತಣ ಹಳ್ಳಿಗಳ ಕೆರೆಯ ಏರಿ, ಅಗಸೆ, ಹೊಲದ ಬದುಗಳಲ್ಲಿಯೂ ನಿಂತಿರುವ ವೀರಗಲ್ಲುಗಳ ವಿಷಯ.

ವೀರಗಲ್ಲಿನ ಕಟ್ಟು ಸಾಮಾನ್ಯವಾಗಿ ಒಂದೇ ಬಗೆ. ಕೆಳಗಿನ ಹಂತದಲ್ಲಿ ಕಾಳಗ; ನಡುವೆ ಅಪ್ಸರೆಯರು ಸತ್ತವನನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುವ ನೋಟ; ಮೇಲೆ ಶಿವಲಿಂಗದ ಎದುರು ಅವನು ಕುಳಿತಿರುವುದು. ಕೆಳಗಿನ ಹಂತವನ್ನು ಬಗ್ಗಿ ನೋಡಿದರೆ ಅನೇಕ ಕಲ್ಲುಗಳಲ್ಲಿ ದನಗಳ ಹಿಂಡು ಕಾಣುತ್ತದೆ. ಅದು ತುರುಗೋಳು. ಪರವೂರಿನವರು ಬಂದು ಊರ ದನಗಳನ್ನು ಹೊಡೆದುಕೊಂಡು ಹೋಗುವಾಗ ಒಬ್ಬನು ಅಡ್ಡ ನಿಂತ, ಕಾದಾಡಿದ, ದನಗಳನ್ನು ತಿರುಗಿಸಿ ತಂದ, ಸತ್ತ. ಶಾಸನದ ಹಳಗನ್ನಡದಲ್ಲಿ ಇದಕ್ಕೆ ‘ತುರುವಂ ಮಗುಳ್ಚು’ ಎಂಬ ಮಾತಿದೆ. ದನವನ್ನು ಹಿಂದಿರುಗಿಸುವುದು ಎಂದು ಅರ್ಥ. ಗೆದ್ದ ಅರಸನಿಗೆ ಪ್ರಶಸ್ತಿ ಬರೆಯಲು ಕವಿಗಳಿದ್ದರು. ದನದ ಹಿಂಡಿಗೆ ಅಡ್ಡ ನಿಂತ ಈ ಸಾಮಾನ್ಯನಿಗೆ ಅವನ ಊರೇ ಕಲ್ಲು ನಿಲ್ಲಿಸಿತು. ಬರಹವುಳ್ಳ ಕಲ್ಲುಗಳಲ್ಲಿ ಇಂಥವನ ಮಗ ಇಂಥವನು ಎಂದು ಹೆಸರೂ ಉಂಟು. ಎಂಟುನೂರು ವರ್ಷಗಳ ಮಳೆಗಾಳಿ ಎಷ್ಟೋ ಹೆಸರುಗಳನ್ನು ಅಳಿಸಿದೆ. ಆದರೆ ಬರೆಯಬೇಕೆಂಬ ಬುದ್ಧಿ ಅಂದಿನ ಜನಕ್ಕೆ ಇತ್ತು.

ತುರುಗೋಳಿಗೂ ಹೋರಿ ಹಬ್ಬಕ್ಕೂ ನೇರವಾದ ನೆಂಟಸ್ತಿಕೆಯನ್ನು ಕಟ್ಟುವುದು ಸಾಹಸವಾದೀತು. ಒಂದು ಸಾವಿನ ಮಾತು, ಇನ್ನೊಂದು ಆಟದ ಮಾತು. ಆದರೂ ಓಡುವ ದನ, ಅದರೆದುರು ಬರಿಗಾಲಿನ ಮನುಷ್ಯ ಎಂಬ ಚಿತ್ರ ಎರಡಕ್ಕೂ ಸಮಾನ. ಹಿಂದಿನವರು ಮನುಷ್ಯನ ಹೆಸರನ್ನು ಕೆತ್ತಿದರು, ಇಂದಿನವರು ದನದ ಹೆಸರನ್ನು ಬರೆಯುತ್ತಾರೆ.

ಹಾವೇರಿಯ ಏಲಕ್ಕಿ ಮಾಲೆ ನಾಡಿಗೆಲ್ಲ ಪ್ರಸಿದ್ಧ. 2023ರ ಜನವರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ 86ನೆಯ ಅಧಿವೇಶನ ಈ ಊರಿನಲ್ಲಿಯೇ ಸೇರಿತ್ತು. ಏಲಕ್ಕಿಯ ಮಾಲೆ ಗಣ್ಯರ ಕೊರಳಿಗೆ, ಕೊಬ್ಬರಿಯ ಮಾಲೆ ಹೋರಿಯ ಕೊರಳಿಗೆ. ಹಿಡಿಯುವವನ ಕೊರಳಿಗೆ ಒಂದು ಟವೆಲು.

ಆ ಟವೆಲಿನವನನ್ನು ಕಾಣಬೇಕಾದರೆ ಬ್ಯಾಡಗಿಗೆ ಬರಬೇಕು. ಹಬ್ಬದ ದಿನಕ್ಕಿಂತ ಮಾರುಕಟ್ಟೆಯ ದಿನ ಅವನು ಚೆನ್ನಾಗಿ ಸಿಕ್ಕುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ದೇಶದಲ್ಲಿಯೇ ಹೆಸರಾದುದು. ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಮೈ ಸುಕ್ಕುಸುಕ್ಕು. ಕಡ್ಡಿ, ಡಬ್ಬಿ ಎಂದು ಎರಡು ಜಾತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು. ಇದರಿಂದ ತೆಗೆದ ಕೆಂಪು ಸತ್ವ ಅಡಿಗೆಮನೆಯನ್ನು ದಾಟಿ ತುಟಿಯ ಬಣ್ಣದ ಕಾರ್ಖಾನೆಗಳಿಗೂ ಹೋಗುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಪೇಟೆಯ ಅಂಗಳವೆಲ್ಲ ಕೆಂಪು ಗುಡ್ಡ; ಗಾಳಿ ಬೀಸಿದರೆ ಊರಿಗೂರೇ ಸೀನುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ದರ ಒಮ್ಮೆಲೇ ಕುಸಿದಾಗ ಇದೇ ಅಂಗಳದಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಎದ್ದು, ವಾಹನಗಳು ಸುಟ್ಟದ್ದನ್ನು ನಾಡು ಕಂಡಿತು.

ಚೀಲ ಹೊರುವ ಹಮಾಲರು, ಗಾಡಿ ಹೊಡೆಯುವವರು, ಅಂಗಡಿಯ ಆಳುಗಳು, ಸುತ್ತಿನ ಹಳ್ಳಿಗಳಿಂದ ಮಾಲಿನೊಡನೆ ಬಂದ ಯುವಕರು: ಹೋರಿ ಹಿಡಿಯುವವರು ಬರುವುದು ಇಂಥವರ ನಡುವಿನಿಂದಲೇ. ಹೋರಿಯನ್ನು ಸಾಕಲು ಹಣ ಬೇಕು. ಹಿಡಿಯಲು ಮೈ ಸಾಕು. ಈ ಒಂದು ವಾಕ್ಯದಲ್ಲಿ ಅಖಾಡದ ಸಮಾಜಶಾಸ್ತ್ರ ಮುಕ್ಕಾಲುಪಾಲು ಬಂದುಹೋಗುತ್ತದೆ.

ಅವನ ಜೀವನಕ್ರಮವನ್ನು ಅರಿಯುವುದು ಕಷ್ಟವಲ್ಲ, ಏಕೆಂದರೆ ಒಬ್ಬನದು ಹೆಚ್ಚುಕಡಿಮೆ ಇನ್ನೊಬ್ಬನದರಂತೆಯೇ. ಎಂಟು ಹತ್ತು ವರ್ಷದ ಹುಡುಗನಾಗಿದ್ದಾಗ ಪಾಡ್ಯಮಿಯ ಸಂಜೆ ತನ್ನ ಓಣಿಯ ಕರುಗಳ ಹಿಂದೆ ಓಡುತ್ತಾನೆ. ಅಲ್ಲಿಯೇ ಮೊದಲ ಪಾಠ. ಕಟ್ಟೆಯ ಮೇಲಿನ ಮುದುಕರು ಕೂಗುತ್ತಾರೆ: “ಮುಂದ ನಿಂದರಬ್ಯಾಡೋ ತಮ್ಮಾ, ಬಾಜೂಕ ನಿಂದರು.” ಈ ಮಾತಿನಲ್ಲಿ ಇಡೀ ವಿದ್ಯೆ ಅಡಗಿದೆ. ಹೋರಿಯ ಎದುರು ನಿಲ್ಲುವವನು ಧೀರನೂ ಅಲ್ಲ, ಹಿಡಿಯುವವನೂ ಅಲ್ಲ. ಅವನು ಆಸ್ಪತ್ರೆಯ ದಾರಿ ಹಿಡಿದವನು. ಬಲ್ಲವನು ಪಕ್ಕದಲ್ಲಿ ಕಾಯುತ್ತಾನೆ. ಹೋರಿಯ ಕಣ್ಣು ಅವನನ್ನು ದಾಟಿದ ಮೇಲೆ, ಕೋಡು ಅವನನ್ನು ದಾಟಿದ ಮೇಲೆ, ಹಿಂಗಾಲು ದಾಟುವುದಕ್ಕೆ ಮೊದಲು ಇರುವ ಕಣ್ರೆಪ್ಪೆ ಬಡಿಯುವಷ್ಟು ಹೊತ್ತು ಅವನದು. ಆಗ ಹಾರಿ ಒಂದು ತೋಳನ್ನು ಹಿಣಿಲಿನ ಮೇಲೆ ಹಾಕಿ, ಎದೆಯನ್ನು ಹೋರಿಯ ಭುಜಕ್ಕೆ ಒತ್ತಿ ಅಂಟಿಕೊಳ್ಳಬೇಕು. ಮೈ ಬಿಡಿಯಾದರೆ ಕೋಡಿನ ಹೊಡೆತ ತಾಗುತ್ತದೆ. ಕಾಲು ನೆಲಕ್ಕೆ ಉಜ್ಜಿದರೆ ಗೊರಸಿಗೆ ಸಿಕ್ಕುತ್ತದೆ. ನಾಲ್ಕೈದು ಕ್ವಿಂಟಲ್ ತೂಕದ ಪ್ರಾಣಿ, ಅರವತ್ತು ಎಪ್ಪತ್ತು ಕಿಲೋ ತೂಕದ ಮನುಷ್ಯ. ಅವನು ಅದನ್ನು ನಿಲ್ಲಿಸಲಾರ. ಅದರ ಓಟವನ್ನು ಒಂದಿಷ್ಟು ಭಾರಗೊಳಿಸಬಲ್ಲ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಬಲ್ಲ. ಅಷ್ಟರಲ್ಲಿ ಎರಡನೆಯವನು ಆ ಕಡೆಯಿಂದ ಬೀಳಬೇಕು, ಮೂರನೆಯವನು ಕೊರಳಿಗೆ ಕೈಹಾಕಿ ಕೊಬ್ಬರಿಯ ಸರವನ್ನು ಹರಿಯಬೇಕು.

ಆದ್ದರಿಂದ ಇದು ಒಬ್ಬನ ಆಟವಲ್ಲ. ಹರಿದವನ ಕೈಯಲ್ಲಿ ಕೊಬ್ಬರಿ ಕಾಣುತ್ತದೆ, ಜನ ಅವನನ್ನು ನೋಡಿ ಸಿಳ್ಳು ಹಾಕುತ್ತಾರೆ. ಮೊದಲು ಹಿಣಿಲಿಗೆ ಬಿದ್ದು ಭಾರವಾದವನು ಆ ಹೊತ್ತಿಗೆ ಧೂಳಿನಲ್ಲಿ ಅಂಗಾತ ಬಿದ್ದಿರುತ್ತಾನೆ. ಬಿದ್ದವನಿಗೂ ಒಂದು ಶಾಸ್ತ್ರವುಂಟು. ಏಳಬಾರದು, ನೆಲಕ್ಕೆ ಅಂಟಿಕೊಂಡು ತಲೆಯನ್ನು ತೋಳಿನಲ್ಲಿ ಮುಚ್ಚಿಕೊಳ್ಳಬೇಕು. ಆದರೆ ಹೆಚ್ಚು ಹೊತ್ತು ಮಲಗುವಂತೆಯೂ ಇಲ್ಲ. ಧ್ವನಿವರ್ಧಕದಲ್ಲಿ ಮುಂದಿನ ಹೋರಿಯ ಹೆಸರು ಆಗಲೇ ಮೊಳಗುತ್ತಿರುತ್ತದೆ.

ಹದಿನೆಂಟು ಇಪ್ಪತ್ತರ ವಯಸ್ಸಿಗೆ ಅವನು ತನ್ನ ಊರಿನ ಅಖಾಡದಿಂದ ಪರವೂರಿನ ಅಖಾಡಕ್ಕೆ ಹೋಗುತ್ತಾನೆ. ಜನ ಅವನನ್ನು ‘ಪೈಲ್ವಾನ’ ಎಂದು ಕರೆಯತೊಡಗುತ್ತಾರೆ; ಗರಡಿಯ ಪೈಲ್ವಾನನಿಗಿರುವ ಗದೆಯಾಗಲಿ ಮಾಸಾಶನವಾಗಲಿ ಈ ಪೈಲ್ವಾನನಿಗಿಲ್ಲ. ಯಾವ ಹೋರಿ ಎಡಕ್ಕೆ ಒಲಿಯುತ್ತದೆ, ಯಾವುದು ನಡುವೆ ನಿಂತು ತಿರುಗಿ ಹಾಯುತ್ತದೆ, ಯಾವುದು ಜನರ ಕೂಗಿಗೆ ಬೆಚ್ಚಿ ಬೇಲಿಗೆ ನುಗ್ಗುತ್ತದೆ ಎಂಬುದನ್ನು ಅವನು ಪಂಚಾಂಗದಂತೆ ಬಾಯಿಪಾಠ ಮಾಡಿರುತ್ತಾನೆ. ಹೋರಿಯ ಸ್ವಭಾವವನ್ನು ಅದರ ಒಡೆಯನಷ್ಟೇ ಬಲ್ಲವನು ಅದನ್ನು ಹಿಡಿಯುವವನು. ಅದರ ಭಯವನ್ನು ಕೂಡ. ಬೆದರಿದ ಕಣ್ಣಿನ ಬಿಳುಪನ್ನು ಅಷ್ಟು ಹತ್ತಿರದಿಂದ ಕಂಡವರು ಬೇರೆ ಯಾರು? ನಾಲ್ಕೈದು ವರ್ಷ ಅವನ ಮೈ ಒಳ್ಳೆಯ ಹದದಲ್ಲಿರುತ್ತದೆ. ಇಪ್ಪತ್ತೈದು ದಾಟಿದ ಮೇಲೆ ಮೊಣಕಾಲು ನೋಯತೊಡಗುತ್ತದೆ. ಮದುವೆಯಾಗುತ್ತದೆ, ಹೆಂಡತಿ ಆಣೆ ಹಾಕಿಸಿಕೊಳ್ಳುತ್ತಾಳೆ. ಒಂದೆರಡು ದೀಪಾವಳಿ ಆಣೆ ಮುರಿಯುತ್ತಾನೆ. ಮೂವತ್ತಕ್ಕೆ ಬೇಲಿಯ ಆಚೆ ಹೋಗಿ ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಕೂಗುವ ಸರದಿ ಅವನದು.

ಹನ್ನೆರಡು ವರ್ಷದ ಈ ಆಟದ ಬಾಳಿನಲ್ಲಿ ಅವನು ಎಷ್ಟು ಹೋರಿ ಹಿಡಿದ, ಯಾವ ಅಖಾಡದಲ್ಲಿ, ಯಾರೊಡನೆ? ಎಲ್ಲಿಯೂ ಬರೆದಿಲ್ಲ. ಪಂದ್ಯದ ಸಮಿತಿಯವರು ಹೋರಿಯನ್ನು ನೋಂದಾಯಿಸುತ್ತಾರೆ, ಅದಕ್ಕೆ ನಂಬರು ಕೊಡುತ್ತಾರೆ. ಹಿಡಿಯುವವನು ಬೇಲಿ ಹಾರಿ ಬರುವವನು. ಚೆನ್ನಾಗಿ ಹಿಡಿದವರಿಗೂ ಬಹುಮಾನವಿಡುವ ಸಮಿತಿಗಳು ಇಲ್ಲದೆ ಇಲ್ಲ. ಆದರೆ ಮರುವರ್ಷದ ಚಿತ್ರಪಟದಲ್ಲಿ ಅವನ ಮುಖ ಬರುವುದಿಲ್ಲ.

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುವ ದಾರಿ ಚಿಕ್ಕದು. ಹೆದ್ದಾರಿಗೆ ತಾಗಿದಂತೆ ಮೋಟೆಬೆನ್ನೂರು ಸಿಕ್ಕುತ್ತದೆ. ಗಾಂಧೀಜಿಯವರೊಡನೆ ದಂಡಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಊರು. ರಾಣೆಬೆನ್ನೂರು ದೊಡ್ಡ ಪೇಟೆ. ಬೀಜದ ಊರೆಂದೇ ಅದಕ್ಕೆ ಖ್ಯಾತಿ. ಹತ್ತಿ, ತರಕಾರಿಗಳ ಸಂಕರ ಬೀಜವನ್ನು ಸುತ್ತಿನ ಹೊಲಗಳಲ್ಲಿ, ಬಲೆಮನೆಗಳಲ್ಲಿ ಕೈಯಿಂದಲೇ ಹೂವಿಗೆ ಹೂ ಮುಟ್ಟಿಸಿ ಬೆಳೆಯುತ್ತಾರೆ. ಊರಿನ ಹೊರಗೆ ಕೃಷ್ಣಮೃಗಗಳ ಅಭಯಾರಣ್ಯ, 1974ರಲ್ಲಿ ಘೋಷಿತವಾದುದು, 119 ಚದರ ಕಿಲೋಮೀಟರಿನಷ್ಟು ವಿಸ್ತಾರ. ಕುರುಚಲು ಕಾಡಿನ ನಡುವೆ ಜಿಂಕೆಗಳ ಹಿಂಡು ಜಿಗಿದು ಓಡುವುದನ್ನು ಕಂಡವರಿಗೆ ಓಟವೆಂಬುದು ಅಂಜಿಕೆಯಿಂದ ಹುಟ್ಟಿಯೂ ಎಷ್ಟು ಸುಂದರವಾಗಿರಬಲ್ಲದೆಂಬುದು ತಿಳಿಯುತ್ತದೆ. ಓಡುವುದರ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ. ತಡೆಯುವುದರಲ್ಲಿ ನೋಟದ ಸೊಗಸಿಲ್ಲ.

ಇದು ಹಾವೇರಿ ಸೀಮೆಯ ದೋಷವೆಂದು ಯಾರೂ ತಿಳಿಯಬೇಕಾಗಿಲ್ಲ. ಜಗತ್ತಿನ ಆಟಗಳಲ್ಲೆಲ್ಲ ತಡೆಯುವವನ ಪಾಡು ಹೀಗೆಯೇ. ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ 1859ರಲ್ಲಿ ನಿಯಮಗಳನ್ನು ಬರೆದಿಟ್ಟ ಒಂದು ಬಗೆಯ ಕಾಲ್ಚೆಂಡಾಟವಿದೆ. ಅಂಡಾಕಾರದ ಬಯಲು, ಅಂಡಾಕಾರದ ಚೆಂಡು, ಒಂದೊಂದು ಪಕ್ಷಕ್ಕೆ 18 ಮಂದಿ. ಗೋಲಿನ ಬಳಿ ನಿಲ್ಲುವ ಹಿಂದಾಳಿಗೆ ಒಂದೇ ಕೆಲಸ: ಎದುರು ಪಕ್ಷದ ಮುಂದಾಳು ಹಾರಿ ಚೆಂಡು ಹಿಡಿಯದಂತೆ ಅವನೊಡನೆ ಹಾರುವುದು, ಅವನೊಡನೆ ಬೀಳುವುದು. ಆ ಆಟದ ಅತ್ಯುತ್ತಮ ಆಟಗಾರನಿಗೆ 1924ರಿಂದ ಬ್ರೌನ್‌ಲೋ ಪದಕವನ್ನು ಕೊಡುತ್ತ ಬಂದಿದ್ದಾರೆ. ಮತ ಹಾಕುವವರು ಪಂದ್ಯದ ತೀರ್ಪುಗಾರರು. ಅದು ಹೆಚ್ಚಾಗಿ ಬಯಲ ತುಂಬ ಓಡಾಡಿ ಚೆಂಡು ತರುವವರ ಪಾಲಿಗೇ ಹೋಗುತ್ತದೆ. 1959ರಲ್ಲಿ ಸೇಂಟ್ ಕಿಲ್ಡಾ ತಂಡದ ಹಿಂದಾಳು ವರ್ಡನ್ ಹೋವೆಲ್ ಎಂಬಾತನಿಗೂ, ಬಯಲೆಲ್ಲ ಸುತ್ತುವ ಬಾಬ್ ಸ್ಕಿಲ್ಟನ್ ಎಂಬಾತನಿಗೂ ಸಮಸಮ ಮತಗಳು ಬಂದವು. ಮೊದಲ ಸ್ಥಾನದ ಮತಗಳನ್ನು ಮತ್ತೆ ಎಣಿಸಿ ಪದಕವನ್ನು ಸ್ಕಿಲ್ಟನ್ನನಿಗೆ ಕೊಟ್ಟರು. ಹೋವೆಲ್ಲನಿಗೆ ಅವನ ಪದಕ ಬಂದದ್ದು 1989ರಲ್ಲಿ, ಮೂವತ್ತು ವರ್ಷಗಳ ತರುವಾಯ.

ತಡವಾಗಿಯಾದರೂ ಬಂದಿತು, ಬರಲು ಕಾರಣ, ಲೆಕ್ಕ ಉಳಿದಿತ್ತು. ಆ ದೇಶದ ಮುಖ್ಯ ಪಂದ್ಯಾವಳಿಯಲ್ಲಿ ಒಂದೇ ಒಂದು ದಿನ ಆಡಿ ಮರೆಯಾದ ಹಿಂದಾಳಿನ ಹೆಸರಿಗೂ ದಾಖಲೆಯಲ್ಲಿ ಒಂದು ಸಾಲಿದೆ. ಗೋಲು ಹೊಡೆಯದ ಕಾರಣ ಸೊನ್ನೆ ಎಂದು ಬರೆದಿರಬಹುದು, ಆದರೆ ಹೆಸರಿನ ಮುಂದೆ ಬರೆದಿದ್ದಾರೆ. ರಾಣೆಬೆನ್ನೂರಿನ ಅಖಾಡದಲ್ಲಿ ಹನ್ನೆರಡು ದೀಪಾವಳಿ ನಿಂತವನಿಗೆ ಆ ಸೊನ್ನೆಯೂ ಇಲ್ಲ. ತಮಿಳುನಾಡಿನ ಜಲ್ಲಿಕಟ್ಟಿನಲ್ಲಿ ಹಿಡಿಯುವವರು ಮೊದಲೇ ಹೆಸರು ಬರೆಸಬೇಕು. ವೈದ್ಯರು ಪರೀಕ್ಷಿಸಿದ ಮೇಲೆ ನಂಬರಿನ ಅಂಗಿ ತೊಟ್ಟು ಸರದಿಯ ಮೇಲೆ ಕಣಕ್ಕಿಳಿಯಬೇಕು. ಅಲಂಗಾನಲ್ಲೂರಿನ ಕಣದಲ್ಲಿ ಅತಿ ಹೆಚ್ಚು ಹೋರಿ ಹಿಡಿದವನಿಗೆ ಮೋಟಾರು ಕಾರನ್ನು ಬಹುಮಾನವಾಗಿ ಕೊಟ್ಟದ್ದುಂಟು. ಹಾವೇರಿ ಸೀಮೆಯ ಸಮಿತಿಗಳು ಕಾರನ್ನು ಕೊಡದಿದ್ದರೂ ಚಿಂತೆಯಿಲ್ಲ. ಎರಡು ರೂಪಾಯಿಯ ಪೆನ್ನು, ಒಂದು ವಹಿ ಇಟ್ಟರೆ ಸಾಕು.

ಹೆಸರು ಬರೆಯುವುದು ಬರಿಯ ಕೀರ್ತಿಯ ಮಾತಲ್ಲ. ಬರೆದವನ ವಯಸ್ಸು ತಿಳಿಯುತ್ತದೆ, ಕುಡಿದವನನ್ನು ಹೊರಗಿಡಬಹುದು, ಏಟು ಬಿದ್ದರೆ ಯಾರ ಮನೆಗೆ ಸುದ್ದಿ ಮುಟ್ಟಿಸಬೇಕೆಂಬುದು ಗೊತ್ತಿರುತ್ತದೆ. ದೀಪಾವಳಿಯ ವಾರದಲ್ಲಿ ಈ ಸೀಮೆಯಲ್ಲಿ ಸಾವಿನ ಸುದ್ದಿ ಬಾರದ ವರ್ಷ ವಿರಳ. 2025ರ ಅಕ್ಟೋಬರಿನಲ್ಲಿ ಹಾವೇರಿ ಜಿಲ್ಲೆಯ ಬೇರೆ ಬೇರೆ ಕಡೆ ಹೋರಿ ತಿವಿದು ಮೂವರು ಸತ್ತರೆಂದು ಪತ್ರಿಕೆಗಳು ವರದಿ ಮಾಡಿದವು. ಅವರಲ್ಲಿ ಎಪ್ಪತ್ತರ ಆಸುಪಾಸಿನ ವೃದ್ಧರೂ ಇದ್ದರು. ಹಿಡಿಯಲು ಹೋದವನಿಗೆ ಒಂದು ವಿದ್ಯೆಯಾದರೂ ಇರುತ್ತದೆ; ದಾರಿಯಲ್ಲಿ ಹೋಗುತ್ತಿದ್ದ ಮುದುಕನಿಗೆ ಏನಿದೆ?

ನ್ಯಾಯಾಲಯಗಳೂ ಈ ವಿಷಯವನ್ನು ವಿಚಾರಿಸದೆ ಬಿಟ್ಟಿಲ್ಲ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಂಬಳ, ಹೋರಿಗಳ ಓಟ, ಗಾಡಿ ಓಟಗಳಿಗೆ ಅವಕಾಶವಿತ್ತು ಕಾನೂನನ್ನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠವು ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ವಾದವೆಲ್ಲ ನಡೆದದ್ದು ಮುಖ್ಯವಾಗಿ ಎರಡು ಪಕ್ಷಗಳ ನಡುವೆ: ಪ್ರಾಣಿಗೆ ಹಿಂಸೆಯಾಗಬಾರದೆನ್ನುವವರು ಒಂದು ಕಡೆ, ಸಂಪ್ರದಾಯ ಉಳಿಯಬೇಕೆನ್ನುವವರು ಇನ್ನೊಂದು ಕಡೆ. ಎರಡೂ ಆಲಿಸತಕ್ಕ ವಾದಗಳೇ. ಹೋರಿಯ ಮೂಕವೇದನೆಯನ್ನು ನುಡಿಯಲು ವಕೀಲರು ದೊರಕಿದರು. ಬಾಯಿದ್ದ ಪೈಲ್ವಾನನು ಏನಾದರೂ ನುಡಿದನೋ ಎಂದು ಯಾರೂ ತಿರುಗಿ ನೋಡಲಿಲ್ಲ.

ರಾಣೆಬೆನ್ನೂರಿನ ಕಡೆಯ ಅಖಾಡವೊಂದರಲ್ಲಿ ಹೊತ್ತು ಮುಳುಗುವ ವೇಳೆಗೆ ಧೂಳು ಕೆಂಪಾಗಿ ಏಳುತ್ತದೆ. ಕೊನೆಯ ಹೋರಿ ಓಡಿ ಮುಗಿದ ಮೇಲೆ ಧ್ವನಿವರ್ಧಕದಲ್ಲಿ ಗೆದ್ದ ಹೆಸರುಗಳನ್ನು ಓದುತ್ತಾರೆ. ಒಂದೊಂದು ಹೆಸರಿಗೂ ಹಲಗೆಯ ಬಡಿತ, ಪಟಾಕಿ, ಗುಲಾಲು. ಗೆದ್ದ ಹೋರಿಯನ್ನು ಲಾರಿಗೆ ಹತ್ತಿಸಿ ಊರಿಗೆ ಮೆರವಣಿಗೆ ಒಯ್ಯುತ್ತಾರೆ. ಮನೆಯ ಮುಂದೆ ಆರತಿ ಕಾದಿರುತ್ತದೆ. ಆ ಹೊತ್ತಿನಲ್ಲಿ ಪೈಲ್ವಾನರು ಊರ ನಳದ ಬಳಿ ಸೇರುತ್ತಾರೆ. ಒಬ್ಬನು ಮೊಣಕೈಯ ಗಾಯಕ್ಕೆ ಅರಿಸಿನ ಮೆತ್ತಿಕೊಳ್ಳುತ್ತಾನೆ. ಇನ್ನೊಬ್ಬನು ಕುಂಟುತ್ತ ತನ್ನ ಹರಿದ ಅಂಗಿಯನ್ನು ಹಿಂಡುತ್ತಾನೆ. “ಹ್ವಾದ ವರ್ಷ ಇದ ಹೋರಿ ಬಲಕ್ಕ ಹೊಳ್ಳಿತ್ತು, ಈ ಸಲ ಎಡಕ್ಕ ಹೊಳ್ಳೇತಿ ನೋಡಣ್ಣಾ” ಎಂಬಂಥ ಮಾತು ನಡೆಯುತ್ತದೆ. ಅದೇ ಅವರ ದಾಖಲೆ; ಬಾಯಿಂದ ಬಾಯಿಗೆ, ಮುಂದಿನ ಹಬ್ಬದವರೆಗೆ.

ಬ್ಯಾಡಗಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಕೂರಲು ಸ್ಥಳ ಸಿಕ್ಕುವುದಿಲ್ಲ. ಕಂಬಿ ಹಿಡಿದು ನಿಲ್ಲುತ್ತಾರೆ. ಟವೆಲಿನಲ್ಲಿ ಗಂಟು ಕಟ್ಟಿದ ಕೊಬ್ಬರಿ, ಹೋರಿಯ ಕೊರಳ ಬೆವರು ಇನ್ನೂ ಆರದ ನಾಲ್ಕಾರು ಬಟ್ಟಲು. ಮರುದಿನ ಬೆಳಿಗ್ಗೆ ಅವನು ಪೇಟೆಯಲ್ಲಿ ಚೀಲಕ್ಕೆ ಬೆನ್ನು ಕೊಡುವ ಹೊತ್ತಿಗೆ ಮನೆಯಲ್ಲಿ ಅವ್ವ ಅದನ್ನು ತೊಳೆದು, ತುರಿದು, ಎರಡು ಒಣಮೆಣಸಿನಕಾಯಿ ಇಟ್ಟು ಒರಳಿನಲ್ಲಿ ಕುಟ್ಟುತ್ತಿರುತ್ತಾಳೆ. ರೊಟ್ಟಿಯ ಮೇಲೆ ಹಾಕಿಕೊಂಡು ತಿನ್ನುವ ತಮ್ಮ ಕೇಳುತ್ತಾನೆ, ಇದು ಯಾವ ಹೋರಿಯ ಕೊಬ್ಬರಿ ಎಂದು.